ಅಬುಧಾಬಿಯ ದಾರಿಗಳು: ಒಂದು ಸಣ್ಣ ಇತಿಹಾಸ



ನವೆಂಬರ್ ಬಂತೆಂದರೆ ನಮ್ಮ ರಾಜ್ಯೋತ್ಸವದ ಸಭೆಯಲ್ಲಿ ಹೊಸ ಮುಖಗಳು ಕಾಣತೊಡಗುತ್ತವೆ. ಪಂಚೆ ಶಲ್ಯದ ಹಿರಿಯರು, ಸ್ವೆಟರ್ ಹೊದ್ದ ಅಮ್ಮಂದಿರು. ವಿಸಿಟ್ ವೀಸಾದ ಮೇಲೆ ಮಕ್ಕಳ ಮನೆಗೆ ಬಂದವರು. ಅವರಿಗಾಗಿ ನಾವು ಅಕ್ಕಿ ಬೇಳೆ ತಂದಿಡುತ್ತೇವೆ, ಬಿ.ಪಿ. ಮಾತ್ರೆ ಲೆಕ್ಕ ಹಾಕುತ್ತೇವೆ, ದುಬೈ ತೋರಿಸುತ್ತೇವೆ. ಒಂದನ್ನು ಮಾತ್ರ ಹೇಳಿಕೊಡಲು ಮರೆಯುತ್ತೇವೆ: ಒಬ್ಬರೇ ಹೊರಗೆ ಹೋದರೆ ಮನೆಗೆ ಹಿಂತಿರುಗುವುದು ಹೇಗೆ ಎಂಬುದನ್ನು. ನಾವೂ ಮರೆತಿದ್ದೆವು. ಆ ಕಥೆಗೆ ಮೊದಲು ಈ ಊರಿನ ದಾರಿಗಳು ಹುಟ್ಟಿದ ಬಗೆಯನ್ನು ಸ್ವಲ್ಪ ನೋಡೋಣ.

ಅಬುಧಾಬಿ ಒಂದು ದ್ವೀಪ ಎಂಬುದು ಇಲ್ಲಿ ಹತ್ತಾರು ವರ್ಷ ಇದ್ದವರಿಗೂ ಕೆಲವೊಮ್ಮೆ ಮರೆತುಹೋಗುತ್ತದೆ. ಮೊದಲು ಮಕ್ತಾ ಎಂಬಲ್ಲಿ ನೀರು ಇಳಿದಾಗ ಜನರೂ ಒಂಟೆಗಳೂ ನೀರಿನಲ್ಲೇ ನಡೆದು ದಾಟುತ್ತಿದ್ದರು. ಅದನ್ನು ಕಾಯಲು ಕಟ್ಟಿದ ಕಾವಲು ಗೋಪುರ ಇಂದಿಗೂ ಸೇತುವೆಯ ಪಕ್ಕದಲ್ಲಿ ನೀರಿನ ನಡುವೆ ನಿಂತಿದೆ. 1952ರಲ್ಲಿ ಅಲ್ಲಿ ಒಂದು ಕಟ್ಟೆದಾರಿ ಆಯಿತು. 1968ರಲ್ಲಿ ಮಕ್ತಾ ಸೇತುವೆ ಬಂತು. ಅಲ್ಲಿಯವರೆಗೆ ಈ ದ್ವೀಪಕ್ಕೆ ಸೇತುವೆಯೇ ಇರಲಿಲ್ಲ. ಈಗ ನಾವು ದುಬೈಗೆ ಒಂದೂವರೆ ಗಂಟೆಯಲ್ಲಿ ಹೋಗಿ, ತಡವಾಯಿತೆಂದು ಗೊಣಗುತ್ತೇವೆ. ಅಂದು ಆ ದಾರಿ ಉಪ್ಪು ನೆಲದ ಮೇಲಿನ ಚಕ್ರದ ಗುರುತು ಮಾತ್ರ.

ಆ ಕಾಲಕ್ಕೆ ನಮ್ಮ ನಾಡಿನ ನಂಟೂ ಇತ್ತು. 1959ರಿಂದ 1966ರವರೆಗೆ ಇಲ್ಲಿ ಚಲಾವಣೆಯಲ್ಲಿದ್ದದ್ದು ನಮ್ಮ ರಿಸರ್ವ್ ಬ್ಯಾಂಕ್ ಮುದ್ರಿಸಿದ ಗಲ್ಫ್ ರೂಪಾಯಿ. 1966ರಲ್ಲಿ ಭಾರತದ ರೂಪಾಯಿ ಅಪಮೌಲ್ಯವಾದಾಗ ಅಬುಧಾಬಿಯವರು ಬಹ್ರೇನಿನ ದಿನಾರ್ ಹಿಡಿದರು. ದಿರ್ಹಂ ಬಂದದ್ದು 1973ರಲ್ಲಿ.

1962ರಲ್ಲಿ ತೈಲದ ಮೊದಲ ರಫ್ತು. 1966ರ ಆಗಸ್ಟ್‌ನಲ್ಲಿ ಶೇಖ್ ಜಾಯೆದ್ ಆಡಳಿತಕ್ಕೆ ಬಂದರು. ಮರುವರ್ಷ ಜಪಾನಿನ ವಾಸ್ತುಶಿಲ್ಪಿ ಕತ್ಸುಹಿಕೊ ತಾಕಾಹಾಶಿ ನಗರದ ನಕ್ಷೆಗೆ ಕೈಹಾಕಿದರು. 1968ರಲ್ಲಿ ಈಜಿಪ್ಟಿನ ನಗರ ಯೋಜಕ ಅಬ್ದುಲ್ ರಹಮಾನ್ ಮಖ್ಲೂಫ್ ಬಂದು ಆ ಕೆಲಸ ಮುಂದುವರಿಸಿದರು. ಶೇಖ್ ಜಾಯೆದ್ ಕೋಲಿನಿಂದ ಮರಳಿನ ಮೇಲೆ ಗೆರೆ ಎಳೆದು ತಮ್ಮ ಮನಸ್ಸಿನ ನಗರವನ್ನು ತೋರಿಸುತ್ತಿದ್ದರೆಂದು ಮಖ್ಲೂಫ್ ನೆನಪಿಸಿಕೊಂಡಿದ್ದಾರೆ. ಇಂದು ನಾವು ಓಡಾಡುವ ನೇರ ರಸ್ತೆಗಳು ಆ ಗೆರೆಗಳೇ.

ಲೆಕ್ಕ ಬಹಳ ಸರಳ. ಕಾರ್ನಿಷ್‌ಗೆ ಸಮಾನಾಂತರವಾಗಿ ಹೋಗುವ ರಸ್ತೆಗಳಿಗೆ ಬೆಸ ಸಂಖ್ಯೆ: ಕಾರ್ನಿಷ್ ಒಂದು, ಹಮ್ದಾನ್ ಐದು, ಇಲೆಕ್ಟ್ರಾ ಏಳು. ಅಡ್ಡಲಾಗಿ ಹೋಗುವವಕ್ಕೆ ಸಮ ಸಂಖ್ಯೆ: ಏರ್‌ಪೋರ್ಟ್ ರೋಡ್ ಎರಡು, ಮುರೂರ್ ನಾಲ್ಕು, ಸಲಾಂ ಎಂಟು. ನಡುವಿನ ಒಂದೊಂದು ಚೌಕದಲ್ಲೂ ಅಂಚಿಗೆ ಎತ್ತರದ ಕಟ್ಟಡಗಳು, ಒಳಗೆ ವಿಲ್ಲಾ, ಮಸೀದಿ, ಶಾಲೆ, ಅಂಗಡಿ. ಅಂಚಿನ ರಸ್ತೆ ಗೆರೆ ಹೊಡೆದಂತೆ ಇದ್ದರೂ ಚೌಕದ ಒಳಗೆ ಹೊಕ್ಕರೆ ಓಣಿಗಳು ಎಲ್ಲೆಲ್ಲೋ ತಿರುಗುತ್ತವೆ. ನಮ್ಮ ಖಾಲಿದಿಯಾದಲ್ಲಿ ದಾರಿ ತಪ್ಪುವುದು ಅಲ್ಲಿಯೇ.

ಇಷ್ಟು ಸರಳ ಲೆಕ್ಕವಿದ್ದೂ ಅತಿಥಿಗಳು ಕಂಗಾಲಾಗುವುದೇಕೆ? ನಕ್ಷೆಯ ಹೆಸರು ಒಂದು, ಜನರ ನಾಲಿಗೆಯ ಹೆಸರು ಇನ್ನೊಂದು. ಏರ್‌ಪೋರ್ಟ್ ರೋಡ್ ಹಿಡಿದರೆ ವಿಮಾನ ಸಿಗುತ್ತದೆ ಎಂದು ನಂಬಿದವರು ಎಷ್ಟು ಮಂದಿಯೋ! ಆ ಹೆಸರು ದ್ವೀಪದ ಮೇಲಿನ ಹಳೆಯ ಬತೀನ್ ವಿಮಾನ ನಿಲ್ದಾಣದ್ದು. 1982ರಲ್ಲಿ ನಿಲ್ದಾಣ ಸೇತುವೆ ದಾಟಿ ಆಚೆಗೆ ಹೋಯಿತು, ಹೆಸರು ಮಾತ್ರ ಇಲ್ಲೇ ಉಳಿಯಿತು. ಕಾಗದದ ಮೇಲೆ ಅದು ಶೇಖ್ ರಾಶಿದ್ ಬಿನ್ ಸಯೀದ್ ರಸ್ತೆ. ಬೆಂಗಳೂರಿನವರು ನಗಬೇಕಾಗಿಲ್ಲ. 2008ರಲ್ಲಿ ವಿಮಾನಗಳು ದೇವನಹಳ್ಳಿಗೆ ಹೋದರೂ ‘ಹಳೆ ಏರ್‌ಪೋರ್ಟ್ ರಸ್ತೆ’ ನಮ್ಮಲ್ಲೂ ಉಳಿದಿದೆಯಲ್ಲ! ಹಾಗೆಯೇ ಮುರೂರ್ ಎಂದರೆ ಅರಬ್ಬಿಯಲ್ಲಿ ಸಂಚಾರ. ಇಲೆಕ್ಟ್ರಾ ಎಂದರೆ ದಾಖಲೆಯಲ್ಲಿ ಒಂದನೇ ಜಾಯೆದ್ ರಸ್ತೆ. ಸಲಾಂ ಈಗ ಶೇಖ್ ಜಾಯೆದ್ ಬಿನ್ ಸುಲ್ತಾನ್ ರಸ್ತೆ. ಟೂರಿಸ್ಟ್ ಕ್ಲಬ್ ಪ್ರದೇಶಕ್ಕೆ ಈಗಿನ ಹೆಸರು ಅಲ್ ಜಾಹಿಯಾ. ಆದರೆ ಹಳಬರ ಬಾಯಲ್ಲಿ ಹಳೆಯದೇ.

ಇನ್ನು ನಮ್ಮ ಕಥೆ. ನಮ್ಮ ತಂದೆಯವರು ಕುಂದಾಪುರದ ಕಡೆಯವರು. ಅವರ ಲೆಕ್ಕದಲ್ಲಿ ಸಮುದ್ರ ಎಂದರೆ ಪಡುವಣ, ಬೆಟ್ಟ ಎಂದರೆ ಮೂಡಣ. ಇಷ್ಟು ತಿಳಿದರೆ ಊರಿನಲ್ಲಿ ಯಾರೂ ದಾರಿ ತಪ್ಪುವುದಿಲ್ಲ. 2002ರಲ್ಲಿ ಮೊದಲ ಸಲ ಬಂದಾಗ ಅವರಿಗೆ ಇಲ್ಲಿಯ ಸಮುದ್ರದ ಮೇಲೆ ಬಹಳ ಕೋಪ. ಯಾವ ಕಡೆ ಹೋದರೂ ನೀರೇ! ಕೊನೆಗೆ ಕಾರ್ನಿಷ್‌ನಲ್ಲಿದ್ದ ವಾಲ್ಕೆನೋ ಕಾರಂಜಿಯನ್ನು ಗುರುತಾಗಿ ಇಟ್ಟುಕೊಂಡರು. ದಿನವೂ ಅಲ್ಲಿಯವರೆಗೆ ನಡೆದು, ಕಾರಂಜಿಯ ಗುರುತಿನಿಂದ ಮನೆಗೆ ಹಿಂತಿರುಗುತ್ತಿದ್ದರು. ಒಂದು ದಿನವೂ ತಪ್ಪಲಿಲ್ಲ.

2004ರಲ್ಲಿ ಆ ಕಾರಂಜಿಯನ್ನು ಕೆಡವಿದರು. ಸಮುದ್ರಕ್ಕೆ ಮಣ್ಣು ತುಂಬಿ ಕಾರ್ನಿಷ್ ಅಗಲ ಮಾಡುತ್ತಿದ್ದ ಕಾಲ ಅದು. ನೀರಿನ ಅಂಚೇ ಮುಂದಕ್ಕೆ ಹೋಗಿತ್ತು. ತಂದೆಯವರು ಎರಡನೆಯ ಸಲ ಬಂದದ್ದು 2005ರ ಡಿಸೆಂಬರಿನಲ್ಲಿ. ಬಂದ ಮೂರನೆಯ ದಿನ ಬೆಳಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ತಿಂಡಿಗೆ ಮೊದಲು ಸ್ವಲ್ಪ ನಡೆದು ಬರುತ್ತೇನೆಂದು ಹೊರಟರು. ಕಾರಂಜಿ ಹೋದ ಸಂಗತಿ ಅವರಿಗೆ ಹೇಳಬೇಕೆಂದು ನಮಗೆ ಹೊಳೆಯಲೇ ಇಲ್ಲ. ದಿನವೂ ಅಲ್ಲಿ ಓಡಾಡುವ ನಮಗೆ ಅದು ಸುದ್ದಿಯೇ ಆಗಿರಲಿಲ್ಲ.

ಅವರು ಕಾರಂಜಿಯನ್ನು ಹುಡುಕುತ್ತ ನಡೆದೇ ನಡೆದರು. ಸುಸ್ತಾದ ಮೇಲೆ ಒಂದು ಟ್ಯಾಕ್ಸಿ ಹತ್ತಿದರು, ಆಗಿನ ಬಿಳಿ ಬಂಗಾರ ಬಣ್ಣದ್ದು. ಜೇಬಿನಲ್ಲಿ ನಾವು ಕೊಟ್ಟ ಚೀಟಿ ಇತ್ತು. ಅದರಲ್ಲಿ ಇದ್ದದ್ದು ನಮ್ಮ ಪೋಸ್ಟ್ ಬಾಕ್ಸ್ ನಂಬರ್! ಟಪಾಲು ಮನೆಗೆ ಬಾರದ ಈ ಊರಿನಲ್ಲಿ ನಾವೆಲ್ಲ ವಿಳಾಸ ಎಂದು ಬರೆಯುತ್ತಿದ್ದದ್ದು ಅದನ್ನೇ. ಪೋಸ್ಟ್ ಬಾಕ್ಸಿಗೆ ಟ್ಯಾಕ್ಸಿ ಹೋಗುತ್ತದೆಯೇ? ಮಾತನಾಡಿ ತಿಳಿಸೋಣವೆಂದರೆ ತಂದೆಯವರಿಗೆ ಹಿಂದಿ ಬಾರದು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತೇವೆ, ಆದರೆ ಬಾಯಿಗೆ ಭಾಷೆಯೂ ಬೇಕು. ‘ಖಾಲಿದಿಯಾ’ ಎಂಬ ಒಂದೇ ಮಾತು ಗೊತ್ತಿತ್ತು. ಪಠಾಣ ಚಾಲಕ ಖಾಲಿದಿಯಾದ ಚೌಕಗಳ ಒಳಗೆ ಒಂದೊಂದೇ ಓಣಿ ನಿಧಾನವಾಗಿ ಸುತ್ತಿದ. ಕೊನೆಗೆ ನಮ್ಮ ಕಟ್ಟಡದ ಕೆಳಗಿನ ಲಾಂಡ್ರಿಯ ಹಸಿರು ಬೋರ್ಡು ಕಂಡು ತಂದೆಯವರು ಕೈ ತೋರಿಸಿದರು.

ಬಾಗಿಲು ತೆರೆದಾಗ ಅವರು ಬೆವರಿನಲ್ಲಿ ತೊಯ್ದಿದ್ದರು, ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಸಕ್ಕರೆ ಇಳಿದದ್ದು ನೋಡಿದೊಡನೆ ಗೊತ್ತಾಯಿತು. ಬೆಲ್ಲದ ನೀರು ಕುಡಿಸಿದೆವು, ಕಾಲು ಗಂಟೆಯಲ್ಲಿ ಚೇತರಿಸಿಕೊಂಡರು. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಏನಾಗುತ್ತಿತ್ತೆಂದು ವೈದ್ಯರಾದ ನಮಗೆ ಯಾರೂ ಹೇಳಬೇಕಾಗಿರಲಿಲ್ಲ. ರೋಗಿಗಳಿಗೆ ದಿನವೂ ‘ಬರಿಹೊಟ್ಟೆಯಲ್ಲಿ ಮಾತ್ರೆ ನುಂಗಿ ತಿರುಗಬೇಡಿ’ ಎಂದು ಹೇಳುವವರು ನಾವು. ತಂದೆಯವರು ಮಾತ್ರ ಒಂದೇ ಮಾತು ಕೇಳಿದರು: ‘ಆ ಕಾರಂಜಿ ಎಲ್ಲಿ ಹೋಯಿತು ಮಾರಾಯಾ?’

ಆಮೇಲೆ ಅನುಕೂಲಗಳು ಬಂದವು. 2007ರಿಂದ ಬೆಳ್ಳಿ ಬಣ್ಣದ ಟ್ಯಾಕ್ಸಿಗಳು ಬಂದವು. 2008ರಲ್ಲಿ ನಗರದ ಹೊಸ ಬಸ್ಸುಗಳು ಓಡತೊಡಗಿದವು, 2015ರಲ್ಲಿ ಹಾಫಿಲಾತ್ ಕಾರ್ಡ್ ಬಂತು. 2010ರ ದಶಕದಲ್ಲಿ ‘ಒನ್ವಾನಿ’ ಯೋಜನೆಯಲ್ಲಿ ಕಟ್ಟಡಗಳಿಗೆ ನಂಬರ್, ಓಣಿಗಳಿಗೆ ಹೆಸರು ಬಂದವು. ಫಲಕದ ಮೇಲಿನ ಚೌಕ ಗುರುತಿಗೆ ಫೋನ್ ಹಿಡಿದರೆ ಜಾಗ ತೋರಿಸುತ್ತದೆ. ಆದರೆ ಫೋನ್ ಮನೆಯಲ್ಲೇ ಬಿಟ್ಟು ಹೊರಡುವ ಹಿರಿಯರು ಇಂದಿಗೂ ಇದ್ದಾರೆ.

ಆದ್ದರಿಂದ ನಮ್ಮ ವಿನಂತಿ ಇಷ್ಟೇ. ಹಿರಿಯರು ಬಂದ ದಿನವೇ ಅವರ ಜೇಬಿಗೆ ಒಂದು ಚೀಟಿ ಹಾಕಿ. ಒಂದು ಕಡೆ ಕಟ್ಟಡದ ನಂಬರ್, ರಸ್ತೆಯ ಹೊಸ ಹೆಸರು, ಹಳೆಯ ಹೆಸರು, ಹತ್ತಿರದ ಗುರುತು, ನಿಮ್ಮ ಫೋನ್ ನಂಬರ್ ಇಂಗ್ಲಿಷ್ ಮತ್ತು ಅರಬ್ಬಿಯಲ್ಲಿ ಇರಲಿ. ಇನ್ನೊಂದು ಕಡೆ ಅದೇ ಕನ್ನಡದಲ್ಲಿ ಇರಲಿ. ಸಕ್ಕರೆ ಕಾಯಿಲೆ ಇದ್ದರೆ ಜೊತೆಗೆ ನಾಲ್ಕು ಪೆಪ್ಪರ್‌ಮಿಂಟು. ಎರಡನೆಯ ಸಲ ಬಂದವರನ್ನು ಮೊದಲ ದಿನವೇ ಒಂದು ಸುತ್ತು ಕರೆದುಕೊಂಡು ಹೋಗಿ, ಯಾವುದು ಹೊಸದು ಎಂದಷ್ಟೇ ಅಲ್ಲ, ಯಾವುದು ಈಗ ಇಲ್ಲ ಎಂದೂ ತೋರಿಸಿ.

ತಂದೆಯವರು ಈಗಿಲ್ಲ. ಆ ಲಾಂಡ್ರಿಯೂ ಇಲ್ಲ. ಮಕ್ತಾದ ಗೋಪುರ ಮಾತ್ರ ನೀರಿನ ನಡುವೆ ಇನ್ನೂ ನಿಂತಿದೆ. ಈ ಸಲ ಊರಿನಿಂದ ಬಂದವರನ್ನು ದುಬೈಗೆ ಕರೆದೊಯ್ಯುವಾಗ ಮಕ್ತಾ ಸೇತುವೆಯ ಮೇಲಿಂದಲೇ ಹೋಗಿ, ಅದನ್ನು ಒಮ್ಮೆ ತೋರಿಸಿ.