ಹೊರಗಿನ ಪಾಠ, ಮನೆಯ ಲೆಕ್ಕ

ಪಾಠ ಹೇಳುವವರು ಒಂದು ಕಡೆ, ಕಲಿಯುವವರು ಇನ್ನೊಂದು ಕಡೆ. ನಡುವೆ ಒಂದು ದಾರಿ. ಈ ದಾರಿಯ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ ನಮ್ಮ ಮೈಸೂರಿಗೆ ಅದರಲ್ಲಿ ಒಂದೆರಡು ಪುಟವಾದರೂ ಸಲ್ಲಬೇಕು. ಊರಿನ ಮೇಲಣ ಅಭಿಮಾನದಿಂದಷ್ಟೇ ಆಡುವ ಮಾತಲ್ಲ ಇದು. ನನ್ನ ನೌಕರಿಯ ಕೊನೆಯ ಹತ್ತು ಹನ್ನೆರಡು ವರ್ಷಗಳು ಈ ದಾರಿಯ ರಿಪೇರಿಯಲ್ಲೇ ಕಳೆದವು. ಊರಾಚೆಯ ಒಂದು ಕಾರ್ಖಾನೆಯ ತರಬೇತಿ ವಿಭಾಗದಲ್ಲಿ ನಾನಿದ್ದೆ. ಹೊರಗಿನ ಕಂಪನಿಗಳು ತಯಾರಿಸಿ ಮಾರುವ ಪಾಠಗಳನ್ನು ಕೊಂಡು, ನಮ್ಮ ಕಂಪ್ಯೂಟರಿನ ಕಲಿಕಾ ವ್ಯವಸ್ಥೆಗೆ—ಆಫೀಸಿನ ಮಾತಿನಲ್ಲಿ ಎಲ್.ಎಂ.ಎಸ್.ಗೆ—ಜೋಡಿಸುವುದು ನನ್ನ ಕೆಲಸ. ಕೇಳುವುದಕ್ಕೆ ಸುಲಭ. ನೆಂಟರನ್ನು ಮನೆಗೆ ಕರೆದಷ್ಟೇ ಸುಲಭ. ಆಮೇಲಿನದು ಮನೆಯವರಿಗೆ ಗೊತ್ತು.

ಹಿಂದಿನದನ್ನು ಸ್ವಲ್ಪ ನೋಡೋಣ. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಕೆಲವು ಕಾಲದ ಮೇಲೆ ಅದರ ಅಧ್ಯಾಪಕರು ಕಾಲೇಜಿನ ಗೋಡೆ ದಾಟಿ ಊರೂರಿಗೆ ಹೋಗಿ ಪ್ರಚಾರೋಪನ್ಯಾಸಗಳನ್ನು ಮಾಡಲಾರಂಭಿಸಿದರು. ಭಾಷಣ ಮುಗಿದ ಮೇಲೆ ಹಿಂದಿನ ಸಾಲಿನಿಂದ ಯಾರೋ ಒಬ್ಬ ರೈತ ಎದ್ದು, 'ಸ್ವಾಮಿ, ಒಂದು ಮಾತು' ಎಂದು ಕೇಳುವ ಅವಕಾಶ ಅಲ್ಲಿದ್ದಿತು. ಪಾಠ ಹೋದ ದಾರಿಯಲ್ಲೇ ಪ್ರಶ್ನೆಯೂ ಹಿಂದಿರುಗುತ್ತಿತ್ತು.

೧೯೩೫ರ ಸೆಪ್ಟೆಂಬರ್ ೧೦ರಂದು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆ 'ವಿಠ್ಠಲ ವಿಹಾರ'ದಿಂದ ಬಾನುಲಿ ಪ್ರಸಾರ ಆರಂಭಿಸಿದರು. ಆ ನಿಲಯದ 'ಆಕಾಶವಾಣಿ' ಎಂಬ ಹೆಸರು ಮುಂದೆ ದೇಶದ ಬಾನುಲಿಗೇ ಸಂದಿತು. ಒಬ್ಬ ವಿದ್ವಾಂಸರ ಮಾತು ಏಕಕಾಲಕ್ಕೆ ನೂರು ಮನೆಗಳನ್ನು ಹೊಕ್ಕುವುದೆಂದರೆ ಸಾಮಾನ್ಯವೆ? ಆದರೆ ಈ ಹೊಸ ದಾರಿ ಒಮ್ಮುಖದ್ದು. ಕೇಳುಗ ತಲೆಯಾಡಿಸಿದನೋ ತೂಕಡಿಸಿದನೋ, ಪೆಟ್ಟಿಗೆಗೆ ಗೊತ್ತಾಗುತ್ತಿರಲಿಲ್ಲ.

ಮೂರನೆಯ ದಾರಿ ಅಂಚೆಯದು. ೧೯೬೯ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅಂಚೆ ಶಿಕ್ಷಣವನ್ನು ಆರಂಭಿಸಿತು. ಆ ಸಂಸ್ಥೆಯೇ ಬೆಳೆದು ೧೯೯೬ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಗುಮಾಸ್ತೆಯಾಗಿದ್ದ ನಮ್ಮ ಅಕ್ಕ ಬಿ.ಎ. ಓದಿದ್ದು ಹೀಗೆಯೇ. ಕಂದು ಬಣ್ಣದ ಲಕೋಟೆಯಲ್ಲಿ ಪಾಠ ಬರುತ್ತಿತ್ತು. ರಾತ್ರಿ ಪಾತ್ರೆ ತೊಳೆದಿಟ್ಟು ಅಕ್ಕ ಉತ್ತರ ಬರೆದು ಅಂಚೆಗೆ ಹಾಕುತ್ತಿದ್ದಳು. ವಾರಗಳಾದ ಮೇಲೆ ಉತ್ತರ ಹಿಂದಕ್ಕೆ ಬರುತ್ತಿತ್ತು. ಒಮ್ಮೆ ಅದರ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಎರಡೇ ಪದವಿದ್ದುವು: 'ಕಾರಣ ಕೊಡಿ.' ಅಕ್ಕ ಅದನ್ನು ಹಿಡಿದು ಮನೆಮಂದಿಗೆಲ್ಲ ತೋರಿಸಿದಳು. ಮುಖ ಕಾಣದ ಯಾರೋ ಒಬ್ಬರು ತನ್ನ ಉತ್ತರವನ್ನು ನಿಜವಾಗಿ ಓದಿದ್ದರಲ್ಲ, ಅದೇ ಅವಳ ಸಂತೋಷ.

ಇನ್ನು ನಾಲ್ಕನೆಯ ದಾರಿ. ಇದರ ಮೂಲ ವಿಮಾನ ಉದ್ಯಮದಲ್ಲಿದೆ. ೧೯೮೮ರಲ್ಲಿ ಅಲ್ಲಿನವರು ಕಂಪ್ಯೂಟರ್ ತರಬೇತಿಗಾಗಿ ಒಂದು ಸಮಿತಿ ರಚಿಸಿಕೊಂಡರು. ಅದರ ಹ್ರಸ್ವನಾಮ ಏ.ಐ.ಸಿ.ಸಿ. ಓದುಗರು ಕಾಂಗ್ರೆಸ್ ಪಕ್ಷವೆಂದು ತಿಳಿಯಬಾರದು! ಒಬ್ಬರು ತಯಾರಿಸಿದ ಪಾಠ ಇನ್ನೊಬ್ಬರ ಯಂತ್ರದಲ್ಲಿ ನಡೆಯದು. ಪ್ರತಿಸಲವೂ ಹೊಸ ಖರ್ಚು. ಆದ್ದರಿಂದ ಎಲ್ಲರಿಗೂ ಒಂದೇ ನಿಯಮವಿರಲಿ ಎಂಬುದು ಅವರ ಆಶಯ. ಅಮೆರಿಕದ ರಕ್ಷಣಾ ಇಲಾಖೆಗೂ ಇದೇ ತೊಂದರೆ. ಅದರ ಪ್ರೋತ್ಸಾಹದಿಂದ ೨೦೦೦ದಲ್ಲಿ 'ಸ್ಕಾರ್ಮ್' ಎಂಬ ನಿಯಮಾವಳಿ ಹೊರಬಂದಿತು. ೨೦೦೧ರಲ್ಲಿ ಬಂದ ಅದರ ೧.೨ನೆಯ ಆವೃತ್ತಿ ಇಂದಿಗೂ ಬಳಕೆಯಲ್ಲಿದೆ.

ಅದರ ಕ್ರಮ ಸರಳ. ಪಾಠವೆಲ್ಲ ಒಂದು ಗಂಟಿನಲ್ಲಿ ಬರುತ್ತದೆ; ಗಂಟಿನಲ್ಲಿ ಏನೇನಿದೆ ಎಂಬ ಪಟ್ಟಿಯೂ ಜೊತೆಗಿರುತ್ತದೆ. ತೆರೆದೊಡನೆ ಪಾಠವು ಮನೆಯ ಯಜಮಾನನಿಗೆ, ಎಂದರೆ ಎಲ್.ಎಂ.ಎಸ್.ಗೆ, 'ಬಂದೆ' ಎನ್ನುತ್ತದೆ. ನಡುವೆ 'ಇಷ್ಟು ಅಂಕ, ಇಂಥ ಪುಟ' ಎಂದು ಬರೆಸುತ್ತದೆ. ಕೊನೆಗೆ 'ಹೊರಟೆ' ಎನ್ನುತ್ತದೆ. ಕೆಲವು ಮಾರಾಟಗಾರರು ಗಂಟನ್ನು ಪೂರ್ತಿ ಕೊಡುವುದಿಲ್ಲ. ಪಾಠವನ್ನು ತಮ್ಮಲ್ಲೇ ಇಟ್ಟುಕೊಂಡು ವಿಳಾಸವಿರುವ ಬರಿಯ ಲಕೋಟೆಯನ್ನು ಕಳಿಸುತ್ತಾರೆ. ಒಪ್ಪಂದ ಮುಗಿದ ದಿನ ಪಾಠಕ್ಕೆ ಬೀಗ ಬೀಳುತ್ತದೆ. ನಮ್ಮಲ್ಲಿ ಉಳಿಯುವುದು ಯಾರು ಮುಗಿಸಿದರು, ಯಾರು ಮುಗಿಸಲಿಲ್ಲ ಎಂಬ ಲೆಕ್ಕ ಮಾತ್ರ.

ಹೆಬ್ಬಾಳದ ಕಡೆ ಇನ್ಫೋಸಿಸ್ ಸಂಸ್ಥೆ ತನ್ನ ಹೊಸಬರಿಗಾಗಿ ಒಂದು ಊರಿನಷ್ಟು ದೊಡ್ಡ ಶಿಕ್ಷಣ ಕೇಂದ್ರವನ್ನೇ ಕಟ್ಟಿತು. ೨೦೦೯ರಲ್ಲಿ ಎರಡನೆಯದೂ ಉದ್ಘಾಟನೆಯಾಯಿತು. ದೊಡ್ಡವರಿಗೆ ಅದು ಸಾಧ್ಯ. ನಮ್ಮಂಥ ಕಾರ್ಖಾನೆಗಳು ಪಾಠವನ್ನು ಕೊಂಡೇ ತರಬೇಕು.

ಹಾಗೆ ಕೊಂಡ ಒಂದು ಪಾಠದ ಕತೆ ಹೇಳುತ್ತೇನೆ. ರಿಪೇರಿಗೆ ಮೊದಲು ಯಂತ್ರದ ವಿದ್ಯುತ್ತನ್ನು ಕಡಿದು, ಬೀಗ ಹಾಕಿ, ಹೆಸರಿನ ಚೀಟಿ ಕಟ್ಟುವ ಕ್ರಮ ಅದರ ವಿಷಯ. ಇಂಗ್ಲಿಷಿನಲ್ಲಿತ್ತು. ಎಲ್ಲರೂ ಮುಗಿಸಬೇಕು, ಮುಗಿಸದವರ ಪಟ್ಟಿಯನ್ನು ನಾನು ನೋಟೀಸ್ ಬೋರ್ಡಿಗೆ ಹಚ್ಚಬೇಕು. ಹಚ್ಚಿದೆ. ಮೂರು ವಾರವೂ ಅದರಲ್ಲಿ ಒಬ್ಬ ಹಿರಿಯ ಫಿಟ್ಟರರ ಹೆಸರಿತ್ತು. ಕೊನೆಗೆ ಅವರೇ ಬಂದರು.

'ಸಾರ್, ದಿನಾ ಅರ್ಧ ಗಂಟೆ ಕೂತ್ಕೊಂಡು ಓದ್ತೀನಿ. ಮಾರನೇ ದಿನ ತೆಗೆದ್ರೆ ಮತ್ತೆ ಅದೇ ಪುಟಕ್ಕೆ ಬಂದು ನಿಂತಿರ್ತದೆ. ಹುಡುಗ್ರು ನಗ್ತಾರೆ, ಸಾರ್.'

'ಸರಿಯಾಗಿ ಮುಚ್ಚಿರಲಾರಿರಿ, ಯಜಮಾನರೇ' ಎಂದುಬಿಟ್ಟೆ. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ತಪ್ಪು ಅವರದಾಗಿರಲಿಲ್ಲ. ಓದಿ ನಿಲ್ಲಿಸಿದ ಜಾಗವನ್ನೂ ಕೊಟ್ಟ ಉತ್ತರಗಳನ್ನೂ ಗುರುತಿಟ್ಟುಕೊಳ್ಳಲು ಸ್ಕಾರ್ಮ್ ೧.೨ರಲ್ಲಿ ಒಂದು ಸಣ್ಣ ಪೆಟ್ಟಿಗೆಯುಂಟು. ಅದರಲ್ಲಿ ಹಿಡಿಸುವುದು ೪,೦೯೬ ಅಕ್ಷರ ಮಾತ್ರ. ಮುಂದಿನ ಆವೃತ್ತಿಗಳಲ್ಲಿ ಅದನ್ನು ೬೪,೦೦೦ಕ್ಕೆ ಏರಿಸಿದರು. ನಮ್ಮ ಪಾಠ ಪುಟಪುಟಕ್ಕೂ ಉದ್ದುದ್ದ ಗುರುತು ಬರೆಸುತ್ತಿತ್ತು. ಒಂದು ಪುಟದ ಆಚೆಗೆ ಪೆಟ್ಟಿಗೆ ತುಂಬಿ, ಹೊಸ ಗುರುತು ಒಳಗೆ ಹೋಗುತ್ತಲೇ ಇರಲಿಲ್ಲ, ಹಳೆಯದೇ ಉಳಿಯುತ್ತಿತ್ತು. ಒಂದೇ ಸಲ ಕೂತು ಪಟಪಟನೆ ಒತ್ತಿ ಮುಗಿಸಿದ ಹುಡುಗರಿಗೆ ಇದರ ಬಾಧೆಯಿಲ್ಲ. ಇಂಗ್ಲಿಷನ್ನು ಕೂಡಿಸಿ ಕೂಡಿಸಿ, ಅರ್ಥ ಮಾಡಿಕೊಂಡು, ದಿನಕ್ಕಿಷ್ಟು ಎಂದು ಓದಿದ ಮನುಷ್ಯನಿಗೆ ಮಾತ್ರ ಶಿಕ್ಷೆ!

ಮಾರಾಟಗಾರರಿಗೆ ಬರೆದೆ. ಪಾಠವನ್ನು ಮೂರು ಭಾಗ ಮಾಡಿ ಕಳಿಸಿದರು; ತೊಂದರೆ ತೀರಿತು. ಆದರೆ ನನ್ನ ಸಂಶಯ ತೀರಲಿಲ್ಲ. ಒಂದು ಸಂಜೆ ಶಾಪಿಗೇ ಹೋಗಿ, 'ಸ್ವಲ್ಪ ಮಾಡಿ ತೋರಿಸಿ' ಎಂದು ಕೇಳಿದೆ. ಪಟ್ಟಿಯಲ್ಲಿ ಮೊದಲ ದಿನವೇ 'ಕಂಪ್ಲೀಟೆಡ್' ಎನಿಸಿಕೊಂಡಿದ್ದ ಹುಡುಗ ಬೀಗ ಹಾಕಿದ, ಚೀಟಿ ಕಟ್ಟಿದ, ಯಂತ್ರಕ್ಕೆ ಕೈ ಹಾಕಹೋದ. ಹಿರಿಯರು ಅವನ ತೋಳು ಹಿಡಿದು ನಿಲ್ಲಿಸಿ, ಯಂತ್ರದ ಗುಂಡಿಯನ್ನು ಒಮ್ಮೆ ಒತ್ತಿ ನೋಡಿದರು. 'ಏಳೋದಿಲ್ಲ ಅಂತ ಗೊತ್ತಾದ ಮೇಲೆ ಕೈ ಹಾಕ್ಬೇಕು ಕಣಪ್ಪಾ. ಬೀಗ ಬೇರೆ ಲೈನಿಗೆ ಬಿದ್ದಿದ್ರೆ?' ಎಂದರು. ಕಾರಣ ಕೊಟ್ಟದ್ದು ಅವರು. ಲೆಕ್ಕದಲ್ಲಿ ಗೆದ್ದವನು ಅವನು.

ಸ್ಕಾರ್ಮಿನ ಈ ಬಡತನವನ್ನು ನೀಗಲು ೨೦೧೩ರಲ್ಲಿ ಎಕ್ಸ್-ಎಪಿಐ ಎಂಬ ಹೊಸ ನಿಯಮ ಬಂದಿದೆ. ಅದು ಕಲಿಕೆಯನ್ನು ವಾಕ್ಯಗಳಾಗಿ ಬರೆದಿಡುತ್ತದೆ: ಯಾರು, ಏನು ಮಾಡಿದರು, ಯಾವುದನ್ನು ಮಾಡಿದರು. ನಮ್ಮ ಶಾಲೆಯ ವ್ಯಾಕರಣದ ಕರ್ತೃ, ಕ್ರಿಯೆ, ಕರ್ಮ! ಪಾಠದ ಹೊರಗೆ, ಯಂತ್ರದ ಬಳಿ ನಡೆದದ್ದನ್ನೂ ಅದರಲ್ಲಿ ಬರೆಸಬಹುದು. ಸಂತೋಷ. ಆದರೆ ಶಾಪಿಗೆ ಹೋಗಿ ನೋಡಿದವರು ಇದ್ದರಲ್ಲವೆ ಬರೆಸುವುದು?

೨೦೨೦ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ 'ಕರ್ಮಯೋಗಿ' ಯೋಜನೆಗೆ ಒಪ್ಪಿಗೆ ಕೊಟ್ಟಿತು. ಬೇರೆ ಬೇರೆ ಸಂಸ್ಥೆಗಳ ಪಾಠಗಳನ್ನು ಒಂದೇ ಕಡೆ ಜೋಡಿಸಿ ಸರ್ಕಾರಿ ನೌಕರರಿಗೆ ಒದಗಿಸುವುದು ಅದರ ಕ್ರಮ. ನೆರೆಮನೆಯ ಹುಡುಗಿ, ಸರ್ಕಾರಿ ನೌಕರಳು, ಮೊನ್ನೆ ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಅಂಥದೇ ಒಂದು ಪಾಠ ಮುಗಿಸಿ, 'ಸರ್ಟಿಫಿಕೇಟ್ ಬಂತು, ಅಂಕಲ್' ಎಂದು ತೋರಿಸಿದಳು. ಅಭಿನಂದಿಸಿದೆ. ಆಮೇಲೆ, ಹಳೆಯ ಚಾಳಿ ನೋಡಿ, 'ಅದರಲ್ಲಿ ಏನು ಹೇಳಿದ್ದಾರಮ್ಮ?' ಎಂದು ಕೇಳಿದೆ. ಅವಳು ಒಂದು ಗಳಿಗೆ ಯೋಚಿಸಿ, ನಕ್ಕು, ಪಾಠವನ್ನು ಮೊದಲಿನಿಂದ ತೆರೆದಳು.

ಒಳಗೆ ಹೋಗಿ ಅಕ್ಕನ ಹಳೆಯ ಕಾಗದಗಳ ಕಟ್ಟನ್ನು ಬಿಚ್ಚಿದೆ. ಕಾಗದ ಹಳದಿಯಾಗಿದೆ. ಕೆಂಪು ಶಾಯಿ ಮಾತ್ರ ಇನ್ನೂ ಚೆನ್ನಾಗಿ ಕಾಣುತ್ತಿದೆ.