ಗೋಲ್‌ಕೀಪರ್ ವರದರಾಜರು

ಪಂಚಗಂಗಾವಳಿಯು ಕಡಲನ್ನು ಕೂಡುವ ಕೋಡಿಯ ಮರಳದಂಡೆಯಲ್ಲಿ ಚೆಂಡನ್ನೊದ್ದು ಬೆಳೆದವರಿಗೆ ಬರಿಗಾಲಿನ ಆಟವು ವಿಶೇಷವೆಂದು ತೋರದು. 1948ನೆಯ ಇಸವಿಯ ಜುಲೈ 31ರಂದು ಲಂಡನ್ನಿನ ಬಳಿಯ ಇಲ್ಫರ್ಡಿನಲ್ಲಿ ನೆರೆದಿದ್ದ ಪ್ರೇಕ್ಷಕರಿಗಾದರೋ ಅದೇ ದೊಡ್ಡ ಸೋಜಿಗವಾಗಿದ್ದಿತು. ಸ್ವತಂತ್ರ ಭಾರತವು ಒಲಿಂಪಿಕ್ ಕ್ರೀಡೆಗಳಲ್ಲಿ ಆಡಿದ ಮೊದಲನೆಯ ಕಾಲ್ಚೆಂಡಿನ ಪಂದ್ಯವದು, ಎದುರಾಳಿಗಳು ಫ್ರಾನ್ಸಿನವರು. ಭಾರತದ ಆಟಗಾರರಲ್ಲಿ ಹೆಚ್ಚಿನವರು ಬೂಟುಗಳಿಲ್ಲದೆಯೇ ಮೈದಾನಕ್ಕಿಳಿದಿದ್ದರು. ಆ ದಿನದ ವೃತ್ತಾಂತವನ್ನು ಹೇಳುವವರೆಲ್ಲ ಆ ಬರಿಗಾಲುಗಳನ್ನೂ, ವ್ಯರ್ಥವಾದ ಎರಡು ಪೆನಾಲ್ಟಿಗಳನ್ನೂ ವರ್ಣಿಸುತ್ತಾರೆ. ಗೋಲನ್ನು ಕಾದವರ ಹೆಸರನ್ನು ಹೇಳುವವರು ವಿರಳ. ಅವರು ಬೆಂಗಳೂರಿನ ಕೆಂಚಪ್ಪ ವರದರಾಜರು.

ಗೋಲ್‌ಕೀಪರನ ಹಣೆಬರಹವೇ ಅಂತಹದು. 24 ಅಡಿ ಅಗಲ, 8 ಅಡಿ ಎತ್ತರದ ಬಾಗಿಲನ್ನು ಅವನೊಬ್ಬನೇ ಕಾಯಬೇಕು. 1912ಕ್ಕೆ ಮುಂಚೆ ಮೈದಾನದ ತನ್ನ ಅರ್ಧಭಾಗದಲ್ಲೆಲ್ಲ ಚೆಂಡನ್ನು ಕೈಯಿಂದ ಮುಟ್ಟುವ ಅಧಿಕಾರವಾದರೂ ಅವನಿಗಿದ್ದಿತು. ವೇಲ್ಸ್ ದೇಶದ ಲೀ ರಿಚ್ಮಂಡ್ ರೂಸ್ ಎಂಬಾತನು ಚೆಂಡನ್ನು ನೆಲಕ್ಕೆ ಪುಟಿಸುತ್ತ ನಡುಗೆರೆಯ ತನಕ ಓಡಿಬರುತ್ತಿದ್ದನು. ಆ ವರ್ಷದ ತಿದ್ದುಪಡಿಯು ಈ ಅಧಿಕಾರವನ್ನು ಪೆನಾಲ್ಟಿ ಆವರಣದೊಳಕ್ಕೆ ಕುಗ್ಗಿಸಿತು. ವರದರಾಜರು ಕಲಿತದ್ದು ಈ ಕಿರಿದಾದ ಆವರಣದ ವಿದ್ಯೆಯನ್ನು.

ಇಲ್ಫರ್ಡಿನಲ್ಲಿ ಮೊದಲು ಫ್ರಾನ್ಸಿನ ಕೂರ್ಬ್ಯಾನನು ಗೋಲು ಹೊಡೆದನು. 70ನೆಯ ನಿಮಿಷದಲ್ಲಿ ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್ನರು ಅದನ್ನು ಸರಿಗಟ್ಟಿದರು. ದೊರೆತ ಎರಡು ಪೆನಾಲ್ಟಿಗಳಲ್ಲಿ ಒಂದನ್ನು ಶೈಲೇನ್ ಮನ್ನಾ, ಇನ್ನೊಂದನ್ನು ಮಹಾವೀರ ಪ್ರಸಾದ್ ಕಳೆದುಕೊಂಡರು. ಆಟವು ಮುಗಿಯಲು ಒಂದು ನಿಮಿಷವಷ್ಟೇ ಉಳಿದಿರುವಾಗ ಪೆರ್ಸಿಯೋನನ ಹೊಡೆತವು ಒಳಹೊಕ್ಕಿತು, 2-1. ಎಂಬತ್ತೆಂಟು ನಿಮಿಷಗಳವರೆಗೆ ಒಂದೇ ಸಲ ತೆರೆದಿದ್ದ ಬಾಗಿಲನ್ನು ಸೋಲಿಗೆ ಕಾರಣವೆಂದು ಹೇಳುವುದು ನ್ಯಾಯವಲ್ಲ.

ಸೋತ ತಂಡವು ಅಲ್ಲಿಗೇ ಹೊರಬೀಳುವ ಏರ್ಪಾಡಿದ್ದುದರಿಂದ ವರದರಾಜರಿಗೆ ಲಂಡನ್ನಿನಲ್ಲಿ ಮತ್ತೊಂದು ಅವಕಾಶವು ದೊರೆಯಲಿಲ್ಲ. ತಂಡದ ಇನ್ನೊಬ್ಬ ಗೋಲ್‌ಕೀಪರರ ಪಾಲಿಗೆ ಅಷ್ಟೂ ಇರಲಿಲ್ಲ. ಅವರ ಹೆಸರು ಸಂಜೀವ ಉಚ್ಚಿಲ. ಕರಾವಳಿಯ ವಾಚಕರಿಗೆ ಆ ಕುಲನಾಮದ ಪರಿಚಯವನ್ನು ಮಾಡಿಕೊಡಬೇಕಾಗಿಲ್ಲ. ನಡುವೆ ಆಟಗಾರರನ್ನು ಬದಲಿಸುವ ಪದ್ಧತಿಯು ಆಗ ಇರಲಿಲ್ಲವಾಗಿ, ಅಷ್ಟು ದೂರ ಹೋದ ಅವರು ಗೆರೆಯಾಚೆಯಿಂದಲೇ ಆಟವನ್ನು ನೋಡಬೇಕಾಯಿತು.

ಮೈಸೂರು ಸೀಮೆಯ ಕಾಲ್ಚೆಂಡಿಗೆ ಅದು ಏಳಿಗೆಯ ಕಾಲ. 1946ರಲ್ಲಿ ಮೈಸೂರು ತಂಡವು ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿದ್ದಿತು. ಅಹಮದ್ ಖಾನ್, ಧನರಾಜ್ ಮೊದಲಾದವರು ಕಲ್ಕತ್ತೆಯವರೂ ಕೊಂಡಾಡುವಂತೆ ಆಡಿದರು. ಮುನ್ನುಗ್ಗಿ ಗೋಲು ಹೊಡೆಯುವವರಿಗೆ ದೊರೆತ ಈ ಕೀರ್ತಿಯಲ್ಲಿ ಗೋಲು ಕಾಯುವವರಿಗೆ ಪಾಲು ಸಿಕ್ಕಿದ್ದು ಅಲ್ಪವೇ.

1951ರ ಮಾರ್ಚ್ ತಿಂಗಳಲ್ಲಿ ದೆಹಲಿಯಲ್ಲಿ ಮೊದಲನೆಯ ಏಷ್ಯನ್ ಕ್ರೀಡೆಗಳು ನಡೆದವು. ಭಾರತದ ತಂಡದಲ್ಲಿ ವರದರಾಜರೂ ಇದ್ದರು. ಇಂಡೋನೇಷ್ಯಾ, ಆಫ್ಘಾನಿಸ್ಥಾನಗಳನ್ನು ಮೂರು ಮೂರು ಗೋಲುಗಳಿಂದಲೂ, ಅಂತಿಮ ಪಂದ್ಯದಲ್ಲಿ ಇರಾಣವನ್ನು ಮೇವಾಲಾಲರ ಒಂದೇ ಗೋಲಿನಿಂದಲೂ ಸೋಲಿಸಿ ಭಾರತವು ಚಿನ್ನದ ಪದಕವನ್ನು ಪಡೆಯಿತು. ಆ ಮೂರು ಪಂದ್ಯಗಳಲ್ಲಿ ಭಾರತದ ಗೋಲಿನೊಳಕ್ಕೆ ಚೆಂಡು ಒಮ್ಮೆಯೂ ಹೋಗಲಿಲ್ಲ.