ಶಾಲೆಯಿಲ್ಲದ ಮಗುವಿಗೆ ಒಂದು ಊರು

ಊರು ಬಿಟ್ಟು ಬಂದ ಕನ್ನಡಿಗ ಮೊದಲು ಹುಡುಕುವುದು ತಲೆಯ ಮೇಲೊಂದು ಸೂರು. ಸಂಸಾರ ಬೆಳೆದ ಮೇಲೆ ಹುಡುಕುವುದು ಮಕ್ಕಳಿಗೊಂದು ಶಾಲೆ. ಬ್ಯಾಂಕಿನಲ್ಲಿ ಮೂವತ್ತೇಳು ವರ್ಷ ದುಡಿದ ನಾನು ಇದನ್ನು ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ. ವರ್ಗಾವಣೆಯ ಆರ್ಡರು ಕೈಗೆ ಬಂದ ಕೂಡಲೇ ಸಹೋದ್ಯೋಗಿಗಳ ಮೊದಲ ಪ್ರಶ್ನೆ, "ಅಲ್ಲಿ ಸ್ಕೂಲು ಹೇಗಿದೆ ಮಾರಾಯ್ರೇ?" ಅಂತಲೇ ಇರುತ್ತಿತ್ತು. ಮನೆ ಸಣ್ಣದಾದರೂ ನಡೆಯುತ್ತಿತ್ತು, ಶಾಲೆ ಮಾತ್ರ ಒಳ್ಳೆಯದೇ ಬೇಕು.

ಆದರೆ 2021ರಲ್ಲಿ ನನ್ನ ಮಗಳು ಹುಡುಕಲು ಹೊರಟದ್ದು ಇದಕ್ಕೆ ತೀರಾ ತಿರುಗುಮುರುಗಾದದ್ದು. ಶಾಲೆಗೆ ಹೋಗದ ಮಗುವನ್ನು ಬೆಳೆಸಲು ಅವಳಿಗೊಂದು ಜಾಗ ಬೇಕಿತ್ತು.

ಮೊಮ್ಮಗನಿಗೆ ಆಗ ಏಳು ವರ್ಷ. ಕೊರೊನಾ ಕಾಲದಲ್ಲಿ ಒಂದನೇ ಕ್ಲಾಸನ್ನು ಅವನು ಮೊಬೈಲಿನ ಮುಂದೆ ಕೂತು ಮುಗಿಸಿದ್ದ. ಉಳಿದ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಅಜ್ಜಿಯ ಜೊತೆ, ಬಾಲ್ಕನಿಯ ಗಿಡಗಳ ಜೊತೆ ತನ್ನಷ್ಟಕ್ಕೆ ಕಲಿಯುತ್ತಿದ್ದುದನ್ನು ಮಗಳೂ ಅಳಿಯನೂ ಗಮನಿಸಿದ್ದರು. ಶಾಲೆಗಳು ಮತ್ತೆ ತೆರೆಯುವ ಸುದ್ದಿ ಬಂದ ದಿನ ಮಗಳು ಹೇಳಿದಳು: "ಅಪ್ಪಾ, ಇನ್ನು ಅವನನ್ನು ಶಾಲೆಗೆ ಕಳಿಸೋದಿಲ್ಲ ಅಂತ ಮಾಡಿದ್ದೇವೆ."

ನನಗೆ ಸಿಟ್ಟು ನೆತ್ತಿಗೇರಿತು. "ನಿನ್ನ ಅಜ್ಜ ಶಾಲೆ ಸಿಗಲಿಲ್ಲ ಅಂತ ಅತ್ತವರು. ನೀನು ಸಿಕ್ಕಿದ್ದನ್ನು ಬಿಡ್ತೀಯಾ?" ಅಂದೆ. ಆಮೇಲೆ ಎರಡು ತಿಂಗಳು ಮನೆಯಲ್ಲಿ ಆ ವಿಷಯ ಯಾರೂ ಎತ್ತಲಿಲ್ಲ.

ನನ್ನ ಸಿಟ್ಟಿಗೆ ಕಾರಣವಿತ್ತು. ನನ್ನಪ್ಪ ಕುಂದಾಪುರದ ಕಡೆಯ ಒಂದು ಹಳ್ಳಿಯಿಂದ 1939ರಲ್ಲಿ ಸ್ಟೀಮರು ಹತ್ತಿ ಬೊಂಬಾಯಿಗೆ ಬಂದವರು. ಆಗ ಅವರಿಗೆ ಹನ್ನೊಂದು. ಕೋಟೆ ಪ್ರದೇಶದ, ಅಂದ್ರೆ ಫೋರ್ಟಿನ, ಒಂದು ಹೋಟೆಲಿನಲ್ಲಿ ಮಾಣಿಯ ಕೆಲಸ. ಬೆಳಗ್ಗೆ ಐದಕ್ಕೆ ಎದ್ದು ಟೇಬಲ್ ಒರೆಸುವುದು, ಕಪ್ಪು ಬಸಿ ತೊಳೆಯುವುದು. ರಾತ್ರಿ ಅದೇ ಟೇಬಲುಗಳನ್ನು ಜೋಡಿಸಿ ಮಲಗುವುದು. ಊರಲ್ಲಿ ಮೂರನೇ ಕ್ಲಾಸಿಗೆ ನಿಂತ ಓದನ್ನು ಅವರು ಮತ್ತೆ ಹಿಡಿದದ್ದು ಕನ್ನಡದ ರಾತ್ರಿಶಾಲೆಯಲ್ಲಿ. 1951ರಲ್ಲಿ ಎಸ್.ಎಸ್.ಸಿ. ಪಾಸಾದಾಗ ಅವರಿಗೆ ಇಪ್ಪತ್ತಮೂರು ವಯಸ್ಸು. ಆ ಒಂದು ಕಾಗದದಿಂದ ಮಿಲ್ಲಿನ ಆಫೀಸಿನಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತು. ಅದರಿಂದ ನಾನು ಎಂ.ಕಾಂ. ಮಾಡಿದೆ, ಬ್ಯಾಂಕು ಸೇರಿದೆ. ನಮ್ಮ ಮನೆಯ ಆಸ್ತಿ ಅಂದರೆ ಸರ್ಟಿಫಿಕೇಟುಗಳೇ.

ಮುಂಬೈಯ ಕನ್ನಡಿಗರ ಇತಿಹಾಸದಲ್ಲಿ ಈ ರಾತ್ರಿಶಾಲೆಗಳದ್ದು ದೊಡ್ಡ ಅಧ್ಯಾಯ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ, ಆಮೇಲೆ ಬಿಲ್ಲವರ ಅಸೋಸಿಯೇಶನ್ ಮೊದಲಾದ ಸಂಘಗಳು ರಾತ್ರಿಶಾಲೆ ನಡೆಸಿದವು. ಹಗಲು ದುಡಿದು ಬಂದ ಹುಡುಗರು ಅಲ್ಲಿ ತೂಕಡಿಸುತ್ತ ಕನ್ನಡ, ಇಂಗ್ಲಿಷು, ಲೆಕ್ಕ ಕಲಿತರು. ಪಾಠ ಹೇಳುವ ಮೇಷ್ಟ್ರುಗಳಲ್ಲೂ ಎಷ್ಟೋ ಮಂದಿ ಹಗಲು ಬೇರೆ ಕಡೆ ದುಡಿಯುವವರು. ಶಾಲೆಯ ಹೊರಗೆ ಉಳಿದ ಮಕ್ಕಳಿಗಾಗಿ ಒಂದು ಸಮುದಾಯವೇ ಊರಾಗಿ ನಿಂತದ್ದು ಇದು. ಹೋಟೆಲಿನ ಧಣಿ ಒಂದು ತಾಸು ಮೊದಲು ಬಿಡಬೇಕು, ಸಂಘ ಜಾಗ ಕೊಡಬೇಕು, ಯಾರೋ ಹಳೇ ಪುಸ್ತಕ ಕೊಡಬೇಕು. ಇದರಲ್ಲಿ ಒಂದು ತಪ್ಪಿದರೂ ನನ್ನಪ್ಪ ಮಾಣಿಯಾಗಿಯೇ ಉಳಿಯುತ್ತಿದ್ದರು.

ಹೋಟೆಲು, ಧಾಬಾ, ಮನೆಗೆಲಸಗಳಲ್ಲಿ ಹದಿನಾಲ್ಕರ ಕೆಳಗಿನವರನ್ನು ಇಟ್ಟುಕೊಳ್ಳಬಾರದು ಎಂಬ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಶಿಕ್ಷಣದ ಹಕ್ಕು ಕೊಟ್ಟ ಕಾಯಿದೆ 2010ರ ಏಪ್ರಿಲ್ 1ರಂದು ಜಾರಿಯಾಯಿತು. ನನ್ನಪ್ಪನ ಬಾಲ್ಯಕ್ಕೆ ಈ ಎರಡೂ ಎಪ್ಪತ್ತು ವರ್ಷ ತಡವಾದವು.

ಸಿಟ್ಟು ಇಳಿದ ಮೇಲೆ ನಾನು ಮಾಡಿದ್ದು ಬ್ಯಾಂಕಿನವರು ಮಾಡುವ ಕೆಲಸ. ಹಳೇ ಕಡತ ತೆಗೆದು ಓದತೊಡಗಿದೆ. ಶಾಲೆ ಬೇಡ ಅಂದವರು ನನ್ನ ಮಗಳಿಗಿಂತ ಮೊದಲು ಯಾರಾದರೂ ಇದ್ದರೇ, ಅವರ ಮಕ್ಕಳು ಏನಾದರು? ಓದುತ್ತ ಹೋದಂತೆ 1911ನೇ ಇಸವಿಯಲ್ಲಿ ನಿಂತುಬಿಟ್ಟೆ.

ಆ ವರ್ಷದ ಮಾರ್ಚಿನಲ್ಲಿ ಪುಣೆಯ ಗೋಪಾಲಕೃಷ್ಣ ಗೋಖಲೆಯವರು ಕೇಂದ್ರ ಶಾಸನ ಸಭೆಯಲ್ಲಿ ಪ್ರಾಥಮಿಕ ಶಿಕ್ಷಣದ ಮಸೂದೆ ಮಂಡಿಸಿದರು. ಆರರಿಂದ ಹತ್ತು ವರ್ಷದ ಹುಡುಗರನ್ನು ಕಡ್ಡಾಯವಾಗಿ ಶಾಲೆಗೆ ಕಳಿಸುವ ನಿಯಮವನ್ನು ಸ್ಥಳೀಯ ಸಂಸ್ಥೆಗಳು ತರಬಹುದು ಎಂಬಷ್ಟೇ ಅದರ ಬೇಡಿಕೆ. ಮರು ವರ್ಷ ಅದು 13ಕ್ಕೆ 38 ಮತಗಳಿಂದ ಬಿದ್ದುಹೋಯಿತು.

ಅದೇ ಹೊತ್ತಿಗೆ ದಕ್ಷಿಣ ಆಫ್ರಿಕದಲ್ಲಿ, ಗೋಖಲೆಯವರನ್ನು ರಾಜಕೀಯ ಗುರು ಅಂತ ಒಪ್ಪಿದ್ದ ಗಾಂಧೀಜಿ, ಮಕ್ಕಳನ್ನು ಶಾಲೆಗೆ ಕಳಿಸದೆ ಜೋಹಾನ್ಸ್‌ಬರ್ಗ್ ಹತ್ತಿರದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ತಾವೇ ಕಲಿಸುತ್ತಿದ್ದರು. ಗೆಳೆಯ ಕಾಲೆನ್‌ಬಾಕ್ 1910ರಲ್ಲಿ ಬಿಟ್ಟುಕೊಟ್ಟ ಸುಮಾರು 1,100 ಎಕರೆ ಜಮೀನು ಅದು. ತಮಿಳು, ತೆಲುಗು, ಗುಜರಾತಿ, ಹಿಂದಿ ಮಾತಾಡುವ ಮಕ್ಕಳು ಬೆಳಗ್ಗೆ ತೋಟದಲ್ಲಿ ಅಗೆಯುತ್ತಿದ್ದರು, ಚಪ್ಪಲಿ ಹೊಲಿಯುವುದು, ಮರಗೆಲಸ ಕಲಿಯುತ್ತಿದ್ದರು, ಮಧ್ಯಾಹ್ನ ಅಕ್ಷರ. 1912ರಲ್ಲಿ ಗೋಖಲೆಯವರು ದಕ್ಷಿಣ ಆಫ್ರಿಕಕ್ಕೆ ಹೋದಾಗ ಈ ಫಾರ್ಮಿಗೂ ಹೋಗಿ ಉಳಿದಿದ್ದರು. ಕಡ್ಡಾಯ ಶಾಲೆಗಾಗಿ ಹೋರಾಡಿ ಆಗಷ್ಟೇ ಸೋತು ಬಂದ ಗುರು, ಶಾಲೆಯನ್ನೇ ಬಿಟ್ಟ ಶಿಷ್ಯನ ಮನೆಯಲ್ಲಿ! ಇಬ್ಬರ ಕಾಳಜಿಯೂ ಮಕ್ಕಳೇ. ಒಬ್ಬರಿಗೆ ಕಾಣುತ್ತಿದ್ದುದು ನನ್ನಪ್ಪನಂಥ ಹುಡುಗ, ಇನ್ನೊಬ್ಬರಿಗೆ ನನ್ನ ಮೊಮ್ಮಗನಂಥವನು ಅಂತ ನನಗೆ ಅನ್ನಿಸಿತು.

ಈ ಕಡತದಲ್ಲಿ ಖರ್ಚಿನ ಬಾಬತ್ತೂ ಇದೆ. ಗಾಂಧೀಜಿಯ ಹಿರಿಯ ಮಗ ಹರಿಲಾಲ 1911ರಲ್ಲಿ ತಂದೆಯನ್ನು ಬಿಟ್ಟು ಅಹಮದಾಬಾದಿಗೆ ಬಂದದ್ದು ಮೆಟ್ರಿಕ್ ಓದಲಿಕ್ಕಾಗಿ. ಅದು ಕೈಗೂಡಲಿಲ್ಲ. ಶಾಲೆ ಸಿಗದ ಕೊರಗು ತಮ್ಮ ಮಕ್ಕಳಿಗೆ ಉಳಿಯಿತು ಎಂಬುದನ್ನು ಗಾಂಧೀಜಿಯೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ, ಆದರೂ ತಮ್ಮ ನಿರ್ಧಾರ ತಪ್ಪಲ್ಲ ಅಂತ ವಾದಿಸಿದ್ದಾರೆ. ನಾನು ಆ ಪುಟಗಳಿಗೆ ಗುರುತು ಹಾಕಿ ಮಗಳ ಕೈಗೆ ಕೊಟ್ಟೆ. ಓದಿದಳು. "ಅಪ್ಪಾ, ತೀರ್ಮಾನ ಅವರೊಬ್ಬರದ್ದೇ ಆಗಿತ್ತು. ಮಗ ಬೇಡ ಅಂದ, ಅವರು ಕೇಳಲಿಲ್ಲ. ನಾವು ಪ್ರತಿ ವರ್ಷ ಅವನನ್ನು ಕೇಳ್ತೇವೆ" ಅಂದಳು. ಆ ಉತ್ತರ ನನ್ನನ್ನು ಅರ್ಧ ಸುಮ್ಮನಾಗಿಸಿತು.

ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. ಶಾಲೆಯಿಂದ ನೊಂದಿದ್ದ ರವೀಂದ್ರನಾಥ ಟಾಗೋರರು 1901ರಲ್ಲಿ ಶಾಂತಿನಿಕೇತನದಲ್ಲಿ ಐದು ಹುಡುಗರೊಂದಿಗೆ ಕಲಿಕೆ ಶುರು ಮಾಡಿದಾಗ ಅವರಲ್ಲೊಬ್ಬ ಅವರ ಮಗನೇ. ವಕೀಲರಾಗಿದ್ದ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಕಟ್ಟಿದರು. ಅಲ್ಲಿ ಪಳಗಿದ ತಾರಾಬಾಯಿ ಮೋಡಕ್ ಮತ್ತು ಅವರ ಶಿಷ್ಯೆ ಅನುತಾಯಿ ವಾಘ್, ಮುಂಬೈಗೆ ಉತ್ತರದ ಬೋರ್ಡಿ, ಕೋಸಬಾಡಗಳಲ್ಲಿ ವಾರ್ಲಿ ಮಕ್ಕಳು ಶಾಲೆಗೆ ಬಾರದಿದ್ದಾಗ ದನ ಮೇಯುವ ಬಯಲಿಗೇ ಶಾಲೆಯನ್ನು ಒಯ್ದರು. ನಮ್ಮ ಕಡೆ, ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಕಾಲೇಜು ಬಿಟ್ಟವರು. ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗಾಗಿ ಏನೆಲ್ಲ ಪ್ರಯೋಗ ಮಾಡಿದರು, 'ಬಾಲಪ್ರಪಂಚ'ವನ್ನೂ ಬರೆದರು. ಅಮೆರಿಕದಲ್ಲಿ ಶಾಲೆಗಳನ್ನು ತಿದ್ದಲು ಹೊರಟು ಕೈಚೆಲ್ಲಿದ ಜಾನ್ ಹೋಲ್ಟ್ ಎಂಬ ಮೇಷ್ಟ್ರು 1977ರಲ್ಲಿ ಒಂದು ಪತ್ರಿಕೆ ಶುರು ಮಾಡಿ 'ಅನ್‌ಸ್ಕೂಲಿಂಗ್' ಎಂಬ ಮಾತನ್ನು ಬಳಕೆಗೆ ತಂದರು. ಮನೆಯಲ್ಲೇ ಟೈಮ್‌ಟೇಬಲ್ ಹಾಕಿ ಪಾಠ ಹೇಳುವುದಲ್ಲ ಅದು. ಮಗುವಿನ ಕುತೂಹಲದ ಹಿಂದೆ ದೊಡ್ಡವರು ಹೋಗುವುದು. ನಮ್ಮಲ್ಲಿ 1998ರಲ್ಲಿ ಉದಯಪುರದಲ್ಲಿ ಹುಟ್ಟಿದ ಶಿಕ್ಷಾಂತರ, ಊರೇ ಕಲಿಯುವ ಜಾಗ ಆಗಬೇಕು ಅಂದಿತು.

ಊರೇ ಜಾಗ ಆಗಬೇಕು. ಮಗಳ ಕಷ್ಟ ಇರುವುದೂ ಅಲ್ಲೇ ಅಂತ ನನಗೆ ಆಗ ಹೊಳೆಯಿತು. ಪುಸ್ತಕ ಎಲ್ಲಿ ಬೇಕಾದರೂ ಸಿಗುತ್ತದೆ. ಬೆಳಗ್ಗೆ ಹನ್ನೊಂದು ಗಂಟೆಗೆ ಬೀದಿಯಲ್ಲಿ ಓಡಾಡುವ ಮಗುವನ್ನು ಸಹಿಸುವ ಊರು ಸಿಗಬೇಕಲ್ಲ! ಮುಂಬೈಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಲಿಫ್ಟಿನಲ್ಲಿ ಸಿಕ್ಕವರೆಲ್ಲ "ಇವತ್ತು ಸ್ಕೂಲ್ ಛುಟ್ಟಿನಾ?" ಅಂತ ಕೇಳುವರು. ಸಂಜೆ ಐದರ ಮೊದಲು ಆಡಲು ಒಂದು ಹುಡುಗನಿಲ್ಲ. ಐದರ ನಂತರ ಎಲ್ಲರಿಗೂ ಟ್ಯೂಷನ್. ಒಬ್ಬರು ತಮ್ಮ ಮಕ್ಕಳಿಗೆ "ಅವನ ಜೊತೆ ಸೇರಬೇಡಿ, ನೀವೂ ಶಾಲೆ ಬೇಡ ಅಂತೀರಿ" ಅಂದರಂತೆ. ಇನ್ನೊಬ್ಬರು ಮಗುವಿಗೆ ಏನೋ ತೊಂದರೆ ಇರಬೇಕು ಅಂತ ಗುಸುಗುಸು ಹಬ್ಬಿಸಿದರು. ಒಂದು ದಿನ ಹುಡುಗ ನನ್ನನ್ನು ಕೇಳಿದ, "ಅಜ್ಜ, ನಾನು ಹೊರಗೆ ಹೋಗುವಾಗ ಬ್ಯಾಗು ಹಾಕಿಕೊಂಡು ಹೋಗ್ಲಾ? ಆಗ ಯಾರೂ ಕೇಳೋದಿಲ್ಲ." ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪರವೂರಿನಲ್ಲಿ ಪರಕೀಯನಾಗಿ ಬದುಕುವುದು ನಮಗೆ ರೂಢಿ. ಆದರೆ ಸ್ವಂತ ಕಟ್ಟಡದಲ್ಲಿ ಏಳು ವರ್ಷದ ಹುಡುಗ ವೇಷ ಹಾಕಬೇಕೇ?

2022ರಲ್ಲಿ ಅವರು ಪುಣೆಗೆ ಹೋದರು. ಅಲ್ಲಿ ಶಾಲೆಗೆ ಕಳಿಸದ ಕುಟುಂಬಗಳು ಒಂದಷ್ಟು ಇವೆ, ಪರಸ್ಪರ ಪರಿಚಯವೂ ಇದೆ ಎಂಬುದೇ ಕಾರಣ. ವಾರದಲ್ಲಿ ಎರಡು ದಿನ ಬೆಳಗ್ಗೆ ಮಕ್ಕಳೆಲ್ಲ ವೇತಾಳ ಟೇಕಡಿಯಲ್ಲಿ ಸೇರುತ್ತಾರೆ. ಒಬ್ಬ ತಾಯಿ ಹಕ್ಕಿ ತೋರಿಸುತ್ತಾರೆ, ಒಬ್ಬ ಬಡಗಿ ತನ್ನ ಅಂಗಡಿಯಲ್ಲಿ ಒಂದು ಮೂಲೆ ಬಿಟ್ಟುಕೊಟ್ಟಿದ್ದಾನೆ. ಹತ್ತಿರದ ಲೈಬ್ರರಿಯವರು ಮೊದಮೊದಲು ಹುಬ್ಬೇರಿಸಿ ಈಗ ಹೊಸ ಪುಸ್ತಕ ಬಂದರೆ ಇವನಿಗೆ ತೆಗೆದಿಡುತ್ತಾರೆ. ಫುಲೆ ದಂಪತಿಗಳು 1848ರಲ್ಲಿ ಹೆಣ್ಣುಮಕ್ಕಳ ಶಾಲೆ, 1855ರಲ್ಲಿ ದುಡಿಯುವವರಿಗೆ ರಾತ್ರಿಶಾಲೆ ತೆರೆದ ಊರು ಇದು. ಗೋಖಲೆಯವರ ಊರೂ ಇದೇ. ಶಾಲೆಗಾಗಿ ಅಷ್ಟು ಹೋರಾಡಿದ ಊರೇ ಶಾಲೆ ಬಿಟ್ಟ ಮಕ್ಕಳಿಗೂ ಜಾಗ ಕೊಟ್ಟಿದೆ.

ಕಾನೂನಿನ ಮಾತು ಮುಚ್ಚಿಡಬಾರದು. 2009ರ ಕಾಯಿದೆಯ ಹತ್ತನೇ ಕಲಮು, ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಅನ್ನುತ್ತದೆ. ಸೇರಿಸದ ಪೋಷಕರಿಗೆ ಶಿಕ್ಷೆ ಮಾತ್ರ ಅದರಲ್ಲಿಲ್ಲ. 2012ರಲ್ಲಿ ದೆಹಲಿ ಹೈಕೋರ್ಟಿನ ಮುಂದೆ ಈ ಪ್ರಶ್ನೆ ಬಂದಾಗ, ಮನೆಯಲ್ಲಿ ಕಲಿಸುವವರಿಗೆ ಕಾಯಿದೆ ಅಡ್ಡಿಯಲ್ಲ ಅಂತ ಅಫಿಡವಿಟ್ ಹಾಕಿದ ಕೇಂದ್ರ ಸರ್ಕಾರ ಆಮೇಲೆ ಆ ಮಾತಿನಿಂದ ಹಿಂದೆ ಸರಿಯಿತು. ಹದಿನಾಲ್ಕು ತುಂಬಿದವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೇ ತರಗತಿ ಪರೀಕ್ಷೆ ಕಟ್ಟಬಹುದು. 1989ರಿಂದ ಇರುವ ಸಂಸ್ಥೆ ಅದು. ಶಾಲೆಗೆ ಹೋಗದ ಮಕ್ಕಳ ಮನೆಗಳಲ್ಲಿ ಭರವಸೆ ಅಂದರೆ ಸದ್ಯ ಅದೇ. ಈ ಕಾಯಿದೆ ಸಡಿಲಾಗಲಿ ಅಂತ ಮಾತ್ರ ನಾನು ಬಾಯಿಬಿಟ್ಟು ಹೇಳಲಾರೆ. ನನ್ನ ಮೊಮ್ಮಗನ ಹೆಸರು ಹೇಳಿ ಯಾವನೋ ಧಣಿ ಹನ್ನೊಂದರ ಮಾಣಿಯನ್ನು ಕೆಲಸಕ್ಕಿಟ್ಟುಕೊಂಡರೆ ಆ ಪಾಪ ನಮ್ಮದೂ ಹೌದು.

ಮೊಮ್ಮಗನಿಗೆ ಈಗ ಹನ್ನೊಂದು, ನನ್ನಪ್ಪ ಸ್ಟೀಮರು ಹತ್ತಿದ ವಯಸ್ಸು. ಎಂಟೂವರೆಯವರೆಗೆ ಓದು ಬರೆಹ ಸರಿಯಾಗಿ ಬರಲಿಲ್ಲ. ನಾನು ಹೆದರಿ ಸತ್ತೆ. ಆಮೇಲೆ ಊರಿಗೆ ಹೋದಾಗ ಬಸ್ಸಿನ ಬೋರ್ಡುಗಳ ಹಿಂದೆ ಬಿದ್ದು ಎರಡು ತಿಂಗಳಲ್ಲಿ ಕನ್ನಡ ಕೂಡಿಸಿ ಓದಿದ. ನನ್ನ ಮಗಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಇಂಗ್ಲಿಷ್ ಶಾಲೆಗೆ ಹಾಕಿದವನು ನಾನೇ. ಒಂದು ತಲೆಮಾರು ಹಾರಿ ಅಕ್ಷರ ಮನೆಗೆ ಬಂತು. ಗಣಿತದಲ್ಲಿ ಮಾತ್ರ ಅವನು ಇನ್ನೂ ಹಿಂದೆಯೇ. ಬಡ್ಡಿ ಲೆಕ್ಕ ಹೇಳಿಕೊಡಲು ಕೂತರೆ ಎದ್ದು ಓಡುತ್ತಾನೆ. ಹದಿನಾಲ್ಕಕ್ಕೆ ಏನಾಗುತ್ತದೋ ಎಂಬ ಅಳುಕು ನನ್ನನ್ನು ಬಿಟ್ಟಿಲ್ಲ.

ಕಳೆದ ದೀಪಾವಳಿಗೆ ಬಂದಾಗ ನನ್ನ ಟ್ರಂಕಿನಲ್ಲಿ ಅಪ್ಪನ ಎಸ್.ಎಸ್.ಸಿ. ಸರ್ಟಿಫಿಕೇಟು ಅವನ ಕಣ್ಣಿಗೆ ಬಿತ್ತು. ಮಡಿಕೆಯಲ್ಲಿ ಹರಿದಿದೆ. ಕತೆಯೆಲ್ಲ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಕೇಳಿದ:

"ಮುತ್ತಜ್ಜನಿಗೆ ಹಗಲು ಆಡಲಿಕ್ಕೆ ಯಾರಿದ್ರು ಅಜ್ಜ?"

ಅಪ್ಪನನ್ನು ನಾನು ಇದನ್ನು ಯಾವತ್ತೂ ಕೇಳಿರಲಿಲ್ಲ. ಯಾವ ವರ್ಷ ಪಾಸಾದಿರಿ, ಎಷ್ಟು ಮಾರ್ಕು ಬಂತು ಅಂತ ಮಾತ್ರ ಕೇಳಿದ್ದೆ.